ಆರ್‌ಸಿ ಟ್ರಕ್ಕಿನ ಕೆಸರು: ಕಾಸರಗೋಡಿನ ಮಳೆಗಾಲದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಸಿ, ಅಂದರೆ ರಿಮೋಟಿನಲ್ಲಿ ಓಡಿಸುವ ಆಟದ ಟ್ರಕ್ಕಿನ ಜೊತೆ ಬರುವ ಪುಸ್ತಕದಲ್ಲಿ ‘ಓಡಿಸಿದ ಮೇಲೆ ತೊಳೆದು ಒಣಗಿಸಿ’ ಎಂಬ ಒಂದು ಸಾಲು ಇರುತ್ತದೆ. ಬದಿಯಡ್ಕದಲ್ಲೋ ಪೆರ್ಲದಲ್ಲೋ ಆಟಿ ತಿಂಗಳಲ್ಲಿ, ಹಗ್ಗಕ್ಕೆ ಹಾಕಿದ ಬೈರಾಸೇ ಮೂರು ದಿನವಾದರೂ ಒಣಗದ ಹೊತ್ತಿಗೆ, ಗಾಡಿಯನ್ನು ಒಣಗಿಸುವುದು ಹೇಗೆ ಎಂಬುದು ಅದರಲ್ಲಿ ಇರುವುದಿಲ್ಲ. ಇಲ್ಲಿನ ಉತ್ತರಗಳೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿವೆ: ಮಳೆಗಾಲದಲ್ಲಿ ನಮಗೆ ನೀರಿನ ಬರವಿಲ್ಲ, ಬಿಸಿಲಿನ ಬರ. ತೊಳೆಯಲು ಹತ್ತು ನಿಮಿಷ ಹಿಡಿದರೆ ಒಣಗಿಸಲು ಒಂದು ಇಡೀ ಸಂಜೆ ಬೇಕು. ಆ ಸಂಜೆ ಕೈಯಲ್ಲಿಲ್ಲದ ದಿನ ಬಕೆಟನ್ನು ಮುಟ್ಟದಿರುವುದೇ ಲೇಸು.

1:10 ಅಳತೆಯ ಎಲೆಕ್ಟ್ರಿಕ್ ಟ್ರಕ್ಕುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಚಿಕ್ಕದಕ್ಕೂ ದೊಡ್ಡದಕ್ಕೂ ಹೆಚ್ಚುಕಡಿಮೆ ಇದೇ ಕ್ರಮ.

ಬೈಲಿನಿಂದ ಬಂದ ಕೂಡಲೇ ತೊಳೆಯಬೇಕೋ, ಕೆಸರು ಒಣಗಿದ ಮೇಲೆ ಉದುರಿಸಬೇಕೋ?

ಯಾವ ಕೆಸರು ಅಂತ ಮೊದಲು ನೋಡಿ. ಗುಡ್ಡೆಯ ಕೆಂಪು ಮಣ್ಣು ಒಂದು ಜಾತಿ, ಬೈಲಿನ ಗದ್ದೆ ಕೆಸರು ಇನ್ನೊಂದು ಜಾತಿ. ಗುಡ್ಡೆಯದ್ದು ಮುರಕಲ್ಲು ಸವೆದು ಆದ ಮಣ್ಣು. ಅದರಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು, ಗಟ್ಟಿ ಹರಳುಗಳು ತುಂಬಿರುತ್ತವೆ. ಒಣಗಿದ ಮೇಲೆ ಬಾಡಿಯ ಮೇಲೆ ಉಜ್ಜಿದರೆ ಉಪ್ಪುಕಾಗದ ಎಳೆದ ಹಾಗೆ ಗೀರು ಬೀಳುತ್ತದೆ. ಇದಕ್ಕೆ ಮೊದಲು ನೀರು ಸುರಿದು ಹರಳು ಇಳಿದುಹೋಗಲು ಬಿಟ್ಟು, ಆಮೇಲೆ ಬ್ರಶ್ ಹಿಡಿಯಬೇಕು.

ಗದ್ದೆ ಕೆಸರು ನುಣ್ಣಗಿನ ಜೇಡಿ. ಒಣಗುವಾಗ ಕುಗ್ಗಿ ಬಿರಿಯುತ್ತದೆ, ಪ್ಲಾಸ್ಟಿಕ್ಕಿನಿಂದ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಜನವರಿ, ಫೆಬ್ರವರಿಯಲ್ಲಿ ಅದು ಒಣಗುವ ತನಕ ಕಾಯುವುದರಲ್ಲಿ ಅರ್ಥವಿದೆ. ಬಿಸಿಲಿಗಲ್ಲದೆ ನೆರಳಲ್ಲಿಟ್ಟು ಮರುದಿನ ತಟ್ಟಿದರೆ ಮುಕ್ಕಾಲು ಪಾಲು ಉದುರಿಹೋಗುತ್ತದೆ. ಜುಲೈಯಲ್ಲಿ ಆ ಉಪಾಯ ನಡೆಯದು. ಗಾಳಿಯಲ್ಲೇ ನೀರು ತುಂಬಿರುವಾಗ ಕೆಸರು ಒಣಗುವುದಿಲ್ಲ, ಒಳಗೆ ಬೇರಿಂಗು ಮತ್ತು ಸ್ಕ್ರೂಗಳಿಗೆ ತುಕ್ಕು ಹಿಡಿಯುವುದೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹಸಿಯಿರುವಾಗಲೇ ತೆಗೆಯಿರಿ.

ಕತ್ತಲಾಯಿತು, ನಾಳೆ ಮಗನಿಗೆ ಶಾಲೆ ಉಂಟು. ಇವತ್ತು ಹಾಗೇ ಇಟ್ಟರೆ ಆಗದಾ?

ಬ್ಯಾಟರಿ ತೆಗೆಯಿರಿ, ಬಾಡಿ ತೆಗೆಯಿರಿ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಮಗುಚಿ ಫ್ಯಾನಿನ ಅಡಿಯಲ್ಲಿಡಿ. ಉಳಿದದ್ದು ನಾಳೆ ಸಂಜೆಗೆ. ಅರ್ಧಂಬರ್ಧ ತೊಳೆದು ಮಂಚದಡಿಗೆ ತಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ನೀರು ಮುಟ್ಟಿಸುವ ಮೊದಲು ಏನೇನು ಬಿಚ್ಚಬೇಕು?

ಬ್ಯಾಟರಿ ಎಲ್ಲಕ್ಕಿಂತ ಮೊದಲು. ವಾಟರ್‌ಪ್ರೂಫ್ ಟ್ರಕ್ಕೇ ಆಗಲಿ, ಇದರಲ್ಲಿ ರಿಯಾಯಿತಿ ಇಲ್ಲ. ಕರೆಂಟು ಹರಿಯುತ್ತಿರುವ ಕನೆಕ್ಟರಿಗೆ ನೀರು ತಾಗಿದರೆ ಪಿನ್ನು ಬೇಗ ಹಸಿರುಗಟ್ಟುತ್ತದೆ. ಸ್ವಿಚ್ ಆಫ್ ಮಾಡಿದ್ದೇನೆ ಎಂದರೆ ಸಾಲದು, ಬ್ಯಾಟರಿಯ ಪ್ಲಗ್ಗೇ ಕಳಚಬೇಕು.

ಆಮೇಲೆ ಬಾಡಿ, ನಾಲ್ಕು ಚಕ್ರ. 1:10 ಗಾಡಿಗಳಲ್ಲಿ ಚಕ್ರದ ನಟ್ಟು ಹೆಚ್ಚಾಗಿ 7 ಮಿ.ಮೀ.; ಅದರ ಹಿಂದೆ 12 ಮಿ.ಮೀ. ಆರು ಮೂಲೆಯ ಹಬ್, ಹಬ್ಬಿನೊಳಗೆ ಕಡ್ಡಿಯಷ್ಟು ತೆಳ್ಳಗಿನ ಒಂದು ಪಿನ್. ಬಚ್ಚಲಿನ ತೂತಿಗೆ ಹೋಗುವ ಸಾಮಾನಿದ್ದರೆ ಈ ಪಿನ್ನೇ. ಒಂದು ಅಡಿಕೆ ಹಾಳೆಯನ್ನೋ ಹಾಳೆತಟ್ಟೆಯನ್ನೋ ಪಕ್ಕದಲ್ಲಿಟ್ಟುಕೊಂಡು ಬಿಚ್ಚಿದ್ದನ್ನೆಲ್ಲ ಅದರಲ್ಲಿ ಹಾಕಿ.

ರಿಮೋಟು ಅಂಗಳದ ಆಚೆ ತುದಿಯಲ್ಲಿರಲಿ. ಟ್ರಕ್ಕು ವಾಟರ್‌ಪ್ರೂಫ್ ಆಗಿದ್ದರೂ ಕೈಯಲ್ಲಿ ಹಿಡಿಯುವ ರಿಮೋಟು ಸಾಮಾನ್ಯವಾಗಿ ಹಾಗಿರುವುದಿಲ್ಲ. ಕೆಸರು ಕೈಯಲ್ಲಿ ಅದರ ಟ್ರಿಗರ್ ಒತ್ತುವ ಮಕ್ಕಳೇ ಹೆಚ್ಚು.

ಪೆಟ್ಟಿಗೆಯ ಮೇಲೆಯೇ ವಾಟರ್‌ಪ್ರೂಫ್ ಅಂತ ಬರೆದಿದೆ. ಬಕೆಟಿನಲ್ಲಿ ಮುಳುಗಿಸಿದರೆ ಏನು?

ಆ ಮಾತು ಎಲೆಕ್ಟ್ರಾನಿಕ್ಸಿಗೆ ಮಾತ್ರ ಸಲ್ಲುತ್ತದೆ: ಮೋಟಾರಿನ ವೇಗ ನೋಡಿಕೊಳ್ಳುವ ಇಎಸ್‌ಸಿ, ಚಕ್ರವನ್ನು ಎಡಬಲಕ್ಕೆ ಹೊರಳಿಸುವ ಸರ್ವೋ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಇರುವ ಡಬ್ಬ. ಬೇರಿಂಗು, ಗೇರು, ಡ್ರೈವ್‌ಶಾಫ್ಟು, ಸ್ಕ್ರೂ ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ. ನೀರಿನಲ್ಲಿ ಓಡಿಸಬಹುದು ಎಂದರೆ ನೀರಿನಿಂದ ಏನೂ ಆಗುವುದಿಲ್ಲ ಎಂದು ತಿಳಿಯಬೇಡಿ.

ಐಪಿ67 ಎಂಬ ಗುರುತು ಇದ್ದರೆ, 1 ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದು ಅರ್ಥ. ಪರೀಕ್ಷೆ ಮಾಡುವುದು ಹೊಸ ಸಾಮಾನಿನ ಮೇಲೆ. ಎರಡು ಮಳೆಗಾಲ ಕಂಡ, ಒಮ್ಮೆ ಮುಚ್ಚಳ ತೆಗೆದು ಹಾಕಿದ ರಿಸೀವರ್ ಡಬ್ಬಕ್ಕೆ ಆ ಭರವಸೆ ಉಳಿದಿರುವುದಿಲ್ಲ. ಮುಚ್ಚಳದ ರಬ್ಬರ್ ಸುತ್ತು ಮತ್ತು ವಯರು ಹೊರಬರುವ ಜಾಗಕ್ಕೆ ಮಳೆಗಾಲ ಶುರುವಾಗುವ ಮೊದಲೊಮ್ಮೆ ಸಿಲಿಕೋನ್ ಗ್ರೀಸ್ ಹಚ್ಚಿ. ಮುಚ್ಚುವಾಗ ಒಂದು ವಯರು ಅಂಚಿಗೆ ಸಿಕ್ಕಿಕೊಂಡರೂ ಸೀಲ್ ಹೋಯಿತು ಅಂತಲೇ ಲೆಕ್ಕ.

ಬೈಕ್ ತೊಳೆಯುವ ಪ್ರೆಶರ್ ಪಂಪಿನಲ್ಲಿ ಹೊಡೆದರೆ ಐದು ನಿಮಿಷದಲ್ಲಿ ಮುಗಿಯುತ್ತದಲ್ಲ?

ಮುಗಿಯುತ್ತದೆ, ಗಾಡಿಯೂ ಬೇಗ ಮುಗಿಯುತ್ತದೆ. ಮನೆಬಳಕೆಯ ಪ್ರೆಶರ್ ವಾಷರ್ ಪಂಪುಗಳಲ್ಲೇ ಒತ್ತಡ 100 ಬಾರ್ ದಾಟುತ್ತದೆ. 1 ಮೀಟರ್ ಆಳದ ನೀರಿನ ಒತ್ತಡ 0.1 ಬಾರ್ ಅಷ್ಟೆ. ಬೇರಿಂಗಿನ ತೆಳ್ಳಗಿನ ರಬ್ಬರ್ ಸೀಲನ್ನು ಸರಿಸಿ ಕೆಸರನ್ನು ಒಳಗೆ ತುಂಬಲು ಆ ಜೆಟ್ ಸಾಕು. ಹೊರಗೆ ಫಳಫಳ, ಒಳಗೆ ಮಣ್ಣು.

ಬಾವಿಯ ನೀರನ್ನು ಚೊಂಬಿನಲ್ಲಿ ಸುರಿಯುವುದು ಅಥವಾ ತೋಟದ ಪೈಪಿನ ಬಾಯಿಗೆ ಬೆರಳಿಟ್ಟು ಹರವಾಗಿ ಬಿಡುವುದು ಸಾಕು. ನೀರು ಮೇಲಿನಿಂದ ಕೆಳಗೆ ಹರಿಯಲಿ. ಮೋಟಾರಿನ ಬಾಯಿಗೆ, ಸರ್ವೋದ ಕೊಂಬಿಗೆ ನೇರ ಹಿಡಿಯಬೇಡಿ.

ಮದ್ದು ಬಿಡುವ ಪಂಪು ಮನೆಯಲ್ಲೇ ಉಂಟು, ಒತ್ತಡ ಕಡಿಮೆ ಮಾಡಿ ಅದರಲ್ಲಿ ತೊಳೆಯಬಹುದಾ?

ಅಡಿಕೆಗೆ ಮೈಲುತುತ್ತು ಬಿಡುವ ಪಂಪಾದರೆ ಬೇಡವೇ ಬೇಡ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಸುಣ್ಣ ಕಡಿಮೆಯಾಗಿದೆಯಾ ಎಂದು ನೋಡಲು ದ್ರಾವಣದಲ್ಲಿ ಕತ್ತಿಯ ಅಲಗು ಅದ್ದುತ್ತಾರೆ, ಅಲಗಿಗೆ ಕೆಂಪು ಲೇಪ ಹತ್ತಿದರೆ ಇನ್ನೂ ಸುಣ್ಣ ಬೇಕು ಎಂದರ್ಥ. ತೋಟ ಇರುವ ಮನೆಯವರಿಗೆಲ್ಲ ಗೊತ್ತಿರುವ ಪರೀಕ್ಷೆ ಇದು. ಕತ್ತಿಗೆ ಆಗುವುದು ನಿಮ್ಮ ಸ್ಕ್ರೂಗಳಿಗೂ ಆಗುತ್ತದೆ, ಅಲ್ಯುಮಿನಿಯಂ ಶಾಕಿಗೆ (ಶಾಕ್ ಅಬ್ಸಾರ್ಬರಿಗೆ) ಇನ್ನೂ ಬೇಗ ಆಗುತ್ತದೆ. ಪಂಪಿನ ತಳದಲ್ಲಿ, ಪೈಪಿನಲ್ಲಿ ಉಳಿದ ಒಂದಿಷ್ಟು ಗಸಿಯೂ ಸಾಕು.

ಇದೇ ಕಾರಣಕ್ಕೆ, ಮದ್ದು ಬಿಟ್ಟ ದಿನ ತೋಟದೊಳಗೆ ಟ್ರಕ್ ಓಡಿಸಬೇಡಿ. ಮರದಿಂದ ತೊಟ್ಟಿಕ್ಕುವ ನೀಲಿ ಹನಿ ಬಿದ್ದಿದ್ದರೆ ಅವತ್ತೇ ಸಿಹಿನೀರಿನಲ್ಲಿ ಪೂರ್ತಿ ತೊಳೆಯಿರಿ. ಸಮಯ ಇಲ್ಲದ ದಿನ ಒರೆಸಿಟ್ಟರೆ ಸಾಕು ಎಂಬ ಮೇಲಿನ ಮಾತು ಇದಕ್ಕೆ ಅನ್ವಯಿಸುವುದಿಲ್ಲ.

ಉಜ್ಜುವುದಕ್ಕೆ ಏನು ಬಳಸಬೇಕು?

ಅಂಗಡಿಯಲ್ಲಿ ಇದಕ್ಕೆಂದೇ ಮಾರುವ ಬ್ರಶ್ ಸೆಟ್ಟು ಬೇಡ. ಎರಡಿಂಚಿನ ಪೇಂಟ್ ಬ್ರಶ್ ಒಂದು, ಹಳೆಯ ಹಲ್ಲುಜ್ಜುವ ಬ್ರಶ್ ಎರಡು, ಹಿಡಿಸೂಡಿಯಿಂದ ಎಳೆದ ನಾಲ್ಕು ಕಡ್ಡಿ. ಪೇಂಟ್ ಬ್ರಶ್ ಅಗಲ ಜಾಗಕ್ಕೆ, ಹಲ್ಲಿನ ಬ್ರಶ್ ಸಸ್ಪೆನ್ಷನ್ ತೋಳುಗಳ ಸಂದಿಗೆ. ಹಿಡಿಸೂಡಿ ಕಡ್ಡಿಯನ್ನು ಓರೆಯಾಗಿ ಕತ್ತರಿಸಿದರೆ ಗೇರಿನ ಹಲ್ಲುಗಳ ನಡುವಿನ ಕೆಸರನ್ನು ಗೀರು ಮಾಡದೆ ಕೆರೆದು ತೆಗೆಯುತ್ತದೆ. ಕಬ್ಬಿಣದ ಮೊಳೆ, ಸ್ಕ್ರೂಡ್ರೈವರ್ ತುದಿ ಅಲ್ಲಿಗೆ ಹಾಕಬೇಡಿ. ತೆಂಗಿನ ಸಿಪ್ಪೆಯ ನಾರು ಟಯರಿಗೆ ಚೆನ್ನ, ಬಾಡಿಗೆ ಬೇಡ.

ಸ್ಕ್ರೂಗಳ ತಲೆಯಲ್ಲಿ ಆರು ಮೂಲೆಯ ಗುಳಿ ಇರುತ್ತದಲ್ಲ, ಅದರಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಸೇಫ್ಟಿ ಪಿನ್ನಿನಲ್ಲಿ ಬಿಡಿಸದೆ ಹೆಕ್ಸ್ ಡ್ರೈವರ್ ಹಾಕಿ ತಿರುಗಿಸಿದರೆ ಡ್ರೈವರ್ ಅರ್ಧಕ್ಕೇ ನಿಂತು, ಗುಳಿ ಸವೆದು ಉರುಟಾಗುತ್ತದೆ. ಆಮೇಲೆ ಆ ಸ್ಕ್ರೂ ತೆಗೆಯಲು ಡ್ರಿಲ್ ಹಿಡಿಯಬೇಕು. ಗೇರ್ ಮುಚ್ಚಳದೊಳಗೆ ಒಂದು ಸಣ್ಣ ಕಲ್ಲು ಉಳಿದರೆ ಮೋಟಾರು ತಿರುಗಿಸುವ ದೊಡ್ಡ ಪ್ಲಾಸ್ಟಿಕ್ ಗೇರಿನ (ಸ್ಪರ್ ಗೇರ್) ಹಲ್ಲು ಹಾರುತ್ತದೆ. ಆದ್ದರಿಂದ ಆ ಮುಚ್ಚಳ ಮಾತ್ರ ಪ್ರತಿ ಸಲವೂ ತೆಗೆದು ನೋಡಿ. ಮೋಟಾರಿನ ಹೊರಮೈಯನ್ನೂ ನೋಡಿ. ನಮ್ಮ ಮಣ್ಣಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಣಗಳು ಇರುತ್ತವೆ, ಅವು ಮೋಟಾರಿನ ಗಾಳಿತೂತಿನ ಸುತ್ತ ಮೀಸೆಯ ಹಾಗೆ ಹಿಡಿದಿರುತ್ತವೆ. ಸೆಲ್ಲೋ ಟೇಪಿನಲ್ಲಿ ಒತ್ತಿ ತೆಗೆಯುವುದು ಸುಲಭ.

ಸೋಪು ಯಾವುದು? ಅಂಟುವಾಳಕಾಯಿ ನಡೆಯುತ್ತದಾ?

ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಬಕೆಟಿಗೆ ನಾಲ್ಕು ಹನಿ. ಅಂಟುವಾಳದ ನೊರೆಯೂ ಚೆನ್ನಾಗಿ ನಡೆಯುತ್ತದೆ, ಅದರ ಸಿಪ್ಪೆ ತುಂಡು ಗೇರಿಗೆ ಸಿಗದ ಹಾಗೆ ಸೋಸಿಕೊಳ್ಳಿ. ಬಟ್ಟೆ ಒಗೆಯುವ ಹುಡಿ ಬೇಡ, ತೊಳೆದಷ್ಟೂ ಎಲ್ಲೋ ಒಂದು ಸಂದಿಯಲ್ಲಿ ಉಳಿಯುತ್ತದೆ.

ಪೆಟ್ರೋಲ್, ಥಿನ್ನರ್, ನೈಲ್‌ಪಾಲಿಶ್ ತೆಗೆಯುವ ದ್ರವ ಬಾಡಿಯ ಹತ್ತಿರವೂ ಬರಬಾರದು. ಟ್ರಕ್ಕಿನ ಬಾಡಿ ಪಾಲಿಕಾರ್ಬೊನೇಟ್. ಬಣ್ಣ ಒಳಮೈಗೆ ಬಳಿದಿರುವುದರಿಂದ ಹೊರಗೆ ಎಷ್ಟು ಉಜ್ಜಿದರೂ ಬಣ್ಣ ಹೋಗುವುದಿಲ್ಲ, ಆದರೆ ಇಂಥ ದ್ರವ ತಾಗಿದರೆ ಹಾಳೆಯೇ ಮಬ್ಬಾಗಿ ಬಿರುಕು ಬಿಡುತ್ತದೆ.

ಬಿಳಿ ರಿಮ್ಮು ಕೆಂಪಾಗಿ ಹೋಗಿದೆ, ಸೋಪಿಗೆ ಬಗ್ಗುತ್ತಿಲ್ಲ.

ಅದು ಕಬ್ಬಿಣದ ಕಲೆ, ಸೋಪಿಗೆ ಹೋಗುವಂಥದ್ದಲ್ಲ. ಅದಕ್ಕೆ ಹುಳಿ ಬೇಕು. ಹಿತ್ತಿಲಲ್ಲಿ ಬಿಂಬುಳಿ ಮರ ಇದ್ದರೆ ನಾಲ್ಕು ಕಾಯಿ ಜಜ್ಜಿ ರಸವನ್ನು ರಿಮ್ಮಿಗೆ ಹಚ್ಚಿ ಕಾಲು ಗಂಟೆ ಬಿಡಿ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳವಾಗಿದೆ. ತುಕ್ಕಿನ ಕಲೆ ತೆಗೆಯಲು ಪೇಟೆಯಲ್ಲಿ ಸಿಗುವ ಹಲವು ದ್ರಾವಣಗಳಲ್ಲಿ ಇರುವುದೂ ಅದೇ. ಚಕ್ರವನ್ನು ಗಾಡಿಯಿಂದ ಬಿಚ್ಚಿ ಮಾಡಬೇಕು, ಪ್ಲಾಸ್ಟಿಕ್ ರಿಮ್ಮಿಗೆ ಮಾತ್ರ ಮಾಡಬೇಕು. ಅಲ್ಯುಮಿನಿಯಂ ರಿಮ್ಮಿಗೆ ಹುಳಿ ತಾಗಿದರೆ ಹೊಳಪು ಹೋಗುತ್ತದೆ. ಕೊನೆಗೆ ಸೋಪು ನೀರು, ಆಮೇಲೆ ಬರಿ ನೀರು.

ಒಣಗಿಸುವುದು ಹೇಗೆ?

ಮೊದಲು ಕುಡುಗಬೇಕು. ಎರಡು ಕೈಯಲ್ಲಿ ಚಾಸಿಸ್ ಹಿಡಿದು ಮಗುಚಿ, ಓರೆ ಮಾಡಿ, ಬೀಸಿ ಕುಡುಗಿದರೆ ಬರುವ ನೀರು ಬಟ್ಟೆಯಲ್ಲಿ ಒರೆಸಿದ್ದಕ್ಕಿಂತ ಹೆಚ್ಚು. ಚಾಸಿಸ್ಸಿನ ಗುಂಡಿಗಳು, ಬ್ಯಾಟರಿ ತೊಟ್ಟಿ, ಶಾಕಿನ ಸ್ಪ್ರಿಂಗ್ ತಟ್ಟೆ, ಈ ಮೂರು ಕಡೆ ನೀರು ನಿಂತೇ ಇರುತ್ತದೆ.

ಎರಡನೆಯದು ಗಾಳಿ. ಹಾರ್ಡ್‌ವೇರ್ ಅಂಗಡಿಯ ಎಲೆಕ್ಟ್ರಿಕ್ ಬ್ಲೋವರ್ ಇದ್ದರೆ ಅದಕ್ಕಿಂತ ಒಳ್ಳೆಯ ಸಾಧನ ಈ ಕೆಲಸಕ್ಕೆ ಇಲ್ಲ ಎಂದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಹೇರ್ ಡ್ರೈಯರನ್ನು ತಣ್ಣಗಿನ ಗಾಳಿಗೆ ಇಟ್ಟು ಬಳಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಿಕೊಂಡು ಬರುವವರು ಎರಡು ವಿಷಯ ನೆನಪಿಡಿ. ಮಳೆಗಾಲದಲ್ಲಿ ಆ ಟ್ಯಾಂಕಿನ ಗಾಳಿಯಲ್ಲೇ ನೀರು ಇರುತ್ತದೆ, ಮೊದಲು ನೆಲಕ್ಕೊಮ್ಮೆ ಹೊಡೆದು ನೋಡಿ. ಬೇರಿಂಗಿಗೆ ನೇರ ಹಿಡಿದು ಗುಂಯ್ಯೆಂದು ತಿರುಗಿಸುವ ಆಟ ಬೇಡ. ಎಣ್ಣೆಯಿಲ್ಲದ ಬೇರಿಂಗು ಆ ವೇಗಕ್ಕೆ ಕೆಡುತ್ತದೆ.

ಮೂರನೆಯದು ಹೊತ್ತು. ಫ್ಯಾನಿನ ಅಡಿಯಲ್ಲಿ, ಚಕ್ರವಿಲ್ಲದೆ, ಬಾಡಿಯಿಲ್ಲದೆ, ರಾತ್ರಿಯಿಡೀ. ನೆಲದ ಮೇಲೆ ಇಡಬೇಡಿ. ಮಳೆಗಾಲದ ಸಿಮೆಂಟು ನೆಲ ತಾನೇ ಬೆವರುತ್ತದೆ. ಸ್ಟೂಲಿನ ಮೇಲೆ ನಾಲ್ಕು ಕಡೆಯಿಂದಲೂ ಗಾಳಿಯಾಡಬೇಕು. ಕರೆಂಟು ಹೋದರೆ ಕಿಟಕಿಯ ಹತ್ತಿರಕ್ಕೆ ಸರಿಸಿ, ಅಷ್ಟೇ ಮಾಡಲಿಕ್ಕಿರುವುದು.

ಅಕ್ಕಿ ಡಬ್ಬದಲ್ಲಿ ಹೂತರೆ ನೀರು ಎಳೆಯುತ್ತದಂತೆ?

ಮಳೆಗಾಲದಲ್ಲಿ ನಮ್ಮ ಅಕ್ಕಿಯೇ ಥಂಡಿ ಹಿಡಿದಿರುತ್ತದೆ. ಗೇರಿಗೆ ಅಕ್ಕಿಯ ಹುಡಿ ಸೇರಿ ಇನ್ನೊಂದು ಕೆಲಸ ಹುಟ್ಟುತ್ತದೆ. ರಿಸೀವರ್ ಡಬ್ಬದೊಳಗೆ ಪಸೆ ಕಂಡರೆ ಮುಚ್ಚಳ ತೆಗೆದು ಫ್ಯಾನಿಗೆ ಇಡಿ. ಮುಚ್ಚುವಾಗ ಒಳಗೆ ಸಿಲಿಕಾ ಜೆಲ್ಲಿನ ಸಣ್ಣ ಪೊಟ್ಟಣ ಹಾಕಬಹುದು.

ಅಡಿಕೆ ಒಣಗಿಸುವ ಸೋಲಾರಿನಲ್ಲಿ ಇಡಬಹುದಾ? ಬಚ್ಚಲೊಲೆಯ ಹತ್ತಿರ?

ಸೋಲಾರಿನೊಳಗೆ ಚಾಸಿಸ್ ಇಡಬಹುದು. ಪಾಲಿಥೀನ್ ಹಾಳೆಯ ಅಡಿಯಲ್ಲಿ, ಬಿಸಿಲು ಬಿದ್ದ ದಿನ, ನೇರ ಬಿಸಿಲು ತಾಗದಂತೆ ಒಂದು ಗೋಣಿ ಮರೆ ಮಾಡಿ. ಮೋಡದ ದಿನ ಅಲ್ಲಿ ಸೆಕೆ ಇರುತ್ತದೆ, ಒಣಗುವುದು ಕಡಿಮೆ. ಬ್ಯಾಟರಿ ಮಾತ್ರ ಆ ಬಿಸಿಗೆ ಹೋಗಕೂಡದು. ಲಿಥಿಯಂ ಪಾಲಿಮರ್ ಬ್ಯಾಟರಿಗೆ 60 ಡಿಗ್ರಿ ಸೆಲ್ಸಿಯಸ್ ಎಂದರೆ ಅಪಾಯದ ಗೆರೆ. ಬಚ್ಚಲೊಲೆ ಬೇಡ. ಟಯರ್ ಅಂಟಿಸಿದ ಅಂಟು ಬಿಡುತ್ತದೆ, ಮಸಿಯೂ ಹಿಡಿಯುತ್ತದೆ.

ಬೇರಿಂಗು ಕಿರ್ರ್ ಎನ್ನುತ್ತಿದೆ.

ಒಂದು ಫೋರ್‌ವೀಲ್ ಟ್ರಕ್ಕಿನಲ್ಲಿ ಇಪ್ಪತ್ತರ ಆಸುಪಾಸು ಬೇರಿಂಗು ಇರುತ್ತವೆ. ಮಳೆಗಾಲದಲ್ಲಿ ಮೊದಲು ಸಾಯುವುದು ಚಕ್ರದ ಬಳಿಯವು. ಚಕ್ರ ತೆಗೆದು ಅಚ್ಚನ್ನು ಬೆರಳಲ್ಲಿ ತಿರುಗಿಸಿ ನೋಡಿ. ಮರಳು ಸಿಕ್ಕಿದ ಹಾಗೆ ತಡೆ ಇದ್ದರೆ ತೆಗೆಯುವ ಹೊತ್ತಾಯಿತು.

ರಬ್ಬರ್ ಸೀಲಿನದ್ದಾದರೆ ಒಳಸುತ್ತಿನ ಅಂಚಿಗೆ ಸೂಜಿಮೊನೆ ಹಾಕಿ ಸೀಲನ್ನು ಮೆಲ್ಲ ಎಬ್ಬಿಸಿ. ಸಣ್ಣ ಬಾಟಲಿಯಲ್ಲಿ ಸೀಮೆಎಣ್ಣೆ ಹಾಕಿ ಬೇರಿಂಗು ಮುಳುಗಿಸಿ ಕುಲುಕಿ. ಎಣ್ಣೆ ಕೆಂಪಾದರೆ ಚೆಲ್ಲಿ ಮತ್ತೆ ಹಾಕಿ. ಬಟ್ಟೆಯ ಮೇಲೆ ಪೂರ್ತಿ ಒಣಗಿದ ಮೇಲೆ ಎಣ್ಣೆ ಅಥವಾ ಗ್ರೀಸ್. ರೇಸಿನವರು ಹೊಲಿಗೆ ಮೆಷಿನಿನ ಎಣ್ಣೆಯಂಥ ತೆಳು ಎಣ್ಣೆಯನ್ನೇ ಹೊಗಳುತ್ತಾರೆ, ಗಾಡಿ ಹಗುರವಾಗಿ ಓಡುತ್ತದೆ ಎಂದು. ಕೆಸರಲ್ಲಿ ಆಡಿಸುವವರಿಗೆ ನಾನು ಹೇಳುವುದು ಗ್ರೀಸ್. ಒಳಗಿನ ಜಾಗವನ್ನೆಲ್ಲ ಗ್ರೀಸ್ ತುಂಬಿಕೊಂಡರೆ ನೀರಿಗೆ ಕೂರಲು ಎಡೆ ಇಲ್ಲ. ಒಂದಿಷ್ಟು ವೇಗ ಹೋದರೂ ಬೈಲಿನಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ.

ತೊಳೆದ ಮೇಲೂ ತಡೆ ಇದ್ದರೆ ಎಸೆಯಿರಿ. ಹೊಸದನ್ನು ಹುಡುಕಲು ಟ್ರಕ್ಕಿನ ಕಂಪನಿಯ ಹೆಸರು ಬೇಕಾಗಿಲ್ಲ, ಅಳತೆ ಸಾಕು. 5×11×4 ಮಿ.ಮೀ. ಬೇರಿಂಗನ್ನು ಅಂಗಡಿಯಲ್ಲಿ ಎಂಆರ್115 ಎನ್ನುತ್ತಾರೆ, 10×15×4 ಅನ್ನು 6700. ಕೊನೆಯಲ್ಲಿ 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರ್ ಸೀಲು, ಝಡ್‌ಝಡ್ ಎಂದಿದ್ದರೆ ಲೋಹದ ಮುಚ್ಚಳ. ನಮ್ಮ ಮಳೆಗೆ ರಬ್ಬರಿನದ್ದೇ ತೆಗೆದುಕೊಳ್ಳಿ.

ತೊಳೆದ ಮೇಲೆ ಗಾಡಿ ನಡುಗುತ್ತದೆ, ಮೊದಲು ಹೀಗಿರಲಿಲ್ಲ.

ಟಯರಿನೊಳಗಿನ ಫೋಮ್ ನೀರು ಕುಡಿದಿದೆ. ಒಂದು ಚಕ್ರವನ್ನು ಕೈಯಲ್ಲಿ ತೂಗಿ ಇನ್ನೊಂದಕ್ಕೆ ಹೋಲಿಸಿದರೆ ಗೊತ್ತಾಗುತ್ತದೆ. ರಿಮ್ಮಿನಲ್ಲಿ ಗಾಳಿತೂತು ಇದ್ದರೆ ಅದನ್ನು ಕೆಳಮುಖ ಮಾಡಿ ಒತ್ತಿ ಹಿಂಡಿ. ತೂತೇ ಇಲ್ಲದಿದ್ದರೆ ಟಯರಿನ ನಡುಸಾಲಿನಲ್ಲಿ ಎದುರುಬದುರಾಗಿ 3 ಮಿ.ಮೀ.ನ ಎರಡು ತೂತು ಕೊರೆಯುವವರು ಇದ್ದಾರೆ. ಮುಂದಿನ ಸಲ ಓಡುವಾಗ ನೀರು ತಾನೇ ಹೊರಗೆ ಚಿಮ್ಮುತ್ತದೆ.

ಗಾಡಿಯನ್ನು ಎತ್ತಿ ಹಿಡಿದು ಆಕ್ಸಿಲರೇಟರ್ ಕೊಟ್ಟು ನೀರು ಬೀಸಿ ತೆಗೆಯುವುದು ಹಲವರ ಅಭ್ಯಾಸ. ಮಾಡುವುದಾದರೆ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಒಂದು ಚಕ್ರ ಹಿಡಿದು ನಿಲ್ಲಿಸಿದರೆ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲಿನ (ಡಿಫ್) ಗುಣದಿಂದ ಎದುರಿನ ಚಕ್ರ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ, ಟಯರ್ ಉಬ್ಬಿ ರಿಮ್ಮಿನಿಂದ ಕಿತ್ತುಬರಬಹುದು. ಮಕ್ಕಳ ಮುಖ ಹತ್ತಿರ ಇರಬಾರದು. ಫೋಮ್ ಒಣಗದೆ ಉಳಿದರೆ ವಾರದಲ್ಲಿ ಬೂಷ್ಟಿನ ವಾಸನೆ ಶುರುವಾಗುತ್ತದೆ.

ಮೋಟಾರಿಗೆ ನೀರು ಹೋಗಿದೆ. ಕೆಟ್ಟಿತಾ?

ಬ್ರಶ್‌ಲೆಸ್ (ಇಂಗಾಲದ ಬ್ರಶ್ಶು ಇಲ್ಲದ ಮೋಟಾರು) ಆದರೆ ಸುರುಳಿಯ ತಂತಿಗೆ ಎನಾಮಲ್ ಲೇಪ ಇರುವುದರಿಂದ ಸಿಹಿನೀರಿಗೆ ಹೆದರಬೇಕಾಗಿಲ್ಲ. ಕೆಡುವುದು ಅದರ ಬೇರಿಂಗು. ಸೆನ್ಸರ್ ವಯರಿರುವ ಮೋಟಾರಿನ ಮಾತು ಬೇರೆ. ಅದರೊಳಗೆ ಸಣ್ಣ ಸರ್ಕ್ಯೂಟ್ ಬೋರ್ಡು ಕೂತಿರುತ್ತದೆ, ಕೆಸರಿಗೆ ಅದನ್ನು ಒಯ್ಯಬೇಡಿ. ಬ್ರಶ್ ಮೋಟಾರಿನಲ್ಲಿ ಕೆಸರು ನೀರು ಒಣಗಿ ಕಮ್ಯುಟೇಟರಿನ ಮೇಲೆ ಹುಡಿ ಕೂರುತ್ತದೆ, ಇಂಗಾಲದ ಬ್ರಶ್ಶು ಬೇಗ ಸವೆಯುತ್ತದೆ. ಮೋಟಾರ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿ, ಎರಡು ತುದಿಯ ಬುಷ್ಷಿಗೆ ಒಂದೊಂದು ಹನಿ ಎಣ್ಣೆ ಬಿಡಿ.

ಶಾಕು ಮತ್ತು ಡಿಫ್ ಪ್ರತಿ ಸಲ ಬಿಚ್ಚಬೇಕಾ?

ಬೇಡ. ಶಾಕಿನ ಹೊಳೆಯುವ ಸರಳನ್ನು ಮಾತ್ರ ಪ್ರತಿ ಸಲ ಬಟ್ಟೆಯಲ್ಲಿ ಒರೆಸಿ, ಅದಕ್ಕೆ ಅಂಟಿದ ಹರಳೇ ಓ-ರಿಂಗನ್ನು ಕೊರೆದು ಎಣ್ಣೆ ಸೋರಿಸುವುದು. ಡಿಫ್ಫಿನ ಎಣ್ಣೆಯೋ ಗ್ರೀಸೋ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ತಿಳಿಯಿರಿ. ಎಲ್ಲ ಒರೆಸಿ ಹೊಸದು ತುಂಬಬೇಕು.

ತೆಂಗಿನೆಣ್ಣೆ ಹಚ್ಚಿಟ್ಟರೆ ತುಕ್ಕು ಹಿಡಿಯುವುದಿಲ್ಲವಂತೆ?

ಅಜ್ಜನ ಕತ್ತಿಗೆ ಸರಿ. ಟ್ರಕ್ಕಿನಲ್ಲಿ ಅದು ಹುಡಿಯನ್ನು ಹಿಡಿದುಕೊಂಡು ಮೇಣವಾಗುತ್ತದೆ, 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮತ್ತು ಇರುವೆಗಳಿಗೆ ಸುದ್ದಿ ಮುಟ್ಟುತ್ತದೆ. ಸ್ಕ್ರೂ, ಹಿಂಜ್ ಪಿನ್ನುಗಳಿಗೆ ಡಬ್ಲ್ಯೂಡಿ-40 ಸಿಂಪಡಿಸಿ ಒರೆಸಿದರೆ ಸಾಕು. 1953ರಲ್ಲಿ ಅದನ್ನು ಮಾಡಿದ್ದೇ ನೀರನ್ನು ಓಡಿಸಲಿಕ್ಕೆ. ಅದನ್ನೇ ಬೇರಿಂಗಿನ ಎಣ್ಣೆ ಎಂದು ತಿಳಿದು ಬಿಡಬಾರದು, ಇರುವ ಗ್ರೀಸನ್ನೂ ಕರಗಿಸಿ ತೆಗೆದುಬಿಡುತ್ತದೆ. ಗೇರಿಗೆ ಏಟು ಬೀಳದಂತೆ ಜಾರಿಕೊಡುವ ಸ್ಲಿಪ್ಪರ್ ಕ್ಲಚ್ಚಿಗೆ ಯಾವ ಎಣ್ಣೆಯೂ ತಾಗಬಾರದು.

ಕೆಸರಿಗೆ ಇಳಿಸುವ ಮೊದಲೇ ಚಾಸಿಸ್ಸಿನ ಪ್ಲಾಸ್ಟಿಕ್ಕಿಗೆ, ಬಾಡಿಯ ಒಳಮೈಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಆಮೇಲೆ ಮಣ್ಣು ಸಲೀಸಾಗಿ ಬಿಡುತ್ತದೆ. ಟಯರಿಗೆ ಬೇಡ, ಜಾರುತ್ತದೆ.

ಬೇಕಲದ ಕಡಲತೀರದ ಮರಳಲ್ಲಿ ಓಡಿಸಿ ಬಂದಿದ್ದೇವೆ.

ಆ ರಾತ್ರಿಯೇ ಸಿಹಿನೀರಿನಲ್ಲಿ ತೊಳೆಯಿರಿ, ಎಷ್ಟೇ ಹೊತ್ತಾಗಿರಲಿ. ಉಪ್ಪು ಉಳಿದರೆ ಒಣಗಿದ ಮೇಲೂ ಗಾಳಿಯ ಪಸೆ ಎಳೆದುಕೊಂಡು ತುಕ್ಕು ಹಿಡಿಸುತ್ತಲೇ ಇರುತ್ತದೆ. ಬೇಕಲ, ಕಣ್ವತೀರ್ಥ ಮಾತ್ರ ಅಂತಲ್ಲ. ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಗೂ ಉಪ್ಪುನೀರು ಬಹಳ ದೂರ ಏರಿಬರುತ್ತದೆ, ಹೊಳೆಬದಿಯ ಕೆಸರನ್ನು ಸಿಹಿಯೆಂದು ನಂಬಬೇಡಿ. ನಾಲಗೆಗೆ ಮುಟ್ಟಿಸಿ ನೋಡುವುದೇನೂ ಬೇಡ, ತೊಳೆದುಬಿಡಿ.

ಆಂಟೆನಾ ವಯರು ತುಂಡಾಯಿತು, ಉಜ್ಜುವಾಗ ಎಳೆದದ್ದು.

2.4 ಗಿಗಾಹರ್ಟ್ಸ್ ರಿಸೀವರಿನ ವಯರಿನ ತುದಿಯಲ್ಲಿ 31 ಮಿ.ಮೀ.ನಷ್ಟು ಭಾಗವೇ ನಿಜವಾದ ಆಂಟೆನಾ. ಅದು ತುಂಡಾದರೆ ಟ್ರಕ್ಕು ಹತ್ತಿರದಲ್ಲಿ ಓಡಿ ದೂರದಲ್ಲಿ ಮಾತು ಕೇಳುವುದಿಲ್ಲ. ಆ ವಯರನ್ನು ಸಿಕ್ಕಿದಲ್ಲಿ ಜೋಡಿಸಬೇಡಿ, ತಿಳಿದವರಲ್ಲಿ ಬದಲಿಸಿ. ಉಜ್ಜುವಾಗ ಆಂಟೆನಾ ನಳಿಗೆಯ ಹತ್ತಿರ ಪೇಂಟ್ ಬ್ರಶ್ ಮಾತ್ರ ಬಳಸಿ.

ಬ್ಯಾಟರಿಗೇ ಕೆಸರು ಮೆತ್ತಿದೆ.

ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ. ಕನೆಕ್ಟರಿನ ಒಳಗೆ ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ. ಉಬ್ಬಿದ್ದರೆ, ಕಲ್ಲು ಚುಚ್ಚಿದ ಗುರುತಿದ್ದರೆ ಮನೆಯ ಒಳಗೆ ತರಬೇಡಿ. ವಾರಗಟ್ಟಲೆ ಮಳೆಯಿಂದ ಆಟ ನಿಲ್ಲುವುದಾದರೆ ಲಿಥಿಯಂ ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿನ ಹತ್ತಿರ ಇಟ್ಟು ಎತ್ತಿಡಿ. 4.2ಕ್ಕೆ ಪೂರ್ತಿ ತುಂಬಿ ಇಟ್ಟದ್ದು ಬೇಗ ಹಾಳಾಗುತ್ತದೆ. ಗುಡುಗು ಸಿಡಿಲಿನ ಹೊತ್ತಿಗೆ ಚಾರ್ಜರ್ ಪ್ಲಗ್ಗಿನಲ್ಲಿ ಇರಬಾರದು.

ಕುಂಬಳೆ ಬೆಡಿಗೆ (ಜಾತ್ರೆಯ ಸುಡುಮದ್ದಿಗೆ) ಹೋದಾಗ ತಂದ ಚಿಕ್ಕ ರಿಮೋಟ್ ಲಾರಿ ಇದೆ. ಅದನ್ನೂ ಹೀಗೆಯೇ ತೊಳೆಯಬಹುದಾ?

ಅದಕ್ಕೆ ನೀರು ತೋರಿಸಲೇಬೇಡಿ. ಒಳಗೆ ಬೋರ್ಡು ತೆರೆದೇ ಇರುತ್ತದೆ. ಕೆಸರು ಒಣಗಲಿ, ಪೇಂಟ್ ಬ್ರಶ್ಶಿನಲ್ಲಿ ಹೊಡೆಯಿರಿ, ಚಕ್ರಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೇ ತತ್ವಾರ. ಆಗ?

ಬಾಯಾರು, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ನೂಲಿನ ಎಳೆಯಾಗುವ ತಿಂಗಳಲ್ಲಿ ಆಟದ ಗಾಡಿಗೆ ಬಕೆಟು ನೀರು ಕೇಳಿದರೆ ಮನೆಯಲ್ಲಿ ಬೈಗುಳ ಖಚಿತ. ಬೇಕಾಗಿಯೂ ಇಲ್ಲ. ಆಗಿನ ಕೊಳೆ ಬರಿ ಧೂಳು: ಬ್ಲೋವರ್, ಪೇಂಟ್ ಬ್ರಶ್, ಬಾಡಿಗೆ ಒಂದು ಒದ್ದೆ ಬಟ್ಟೆ. ಬ್ಲೋವರ್ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿ. ಮಳೆಗಾಲದಲ್ಲಿ ತೊಳೆದ ನೀರನ್ನು ಬಾಳೆಬುಡಕ್ಕೆ ಬಿಡಬಹುದು, ಸೀಮೆಎಣ್ಣೆ ಬೆರೆತದ್ದನ್ನು ಬೇಡ. ಬಾವಿಕಟ್ಟೆಯ ಹತ್ತಿರ ಏನನ್ನೂ ತೊಳೆಯಬೇಡಿ.

ಮಕ್ಕಳು ಬರಿಗೈಯಲ್ಲಿ ಕೆಸರು ತೆಗೆಯಬಹುದಾ?

ಗದ್ದೆ, ತೋಡಿನ ಕೆಸರಿನಲ್ಲಿ ಇಲಿಯ ಮೂತ್ರ ಸೇರಿರಬಹುದು. ಇಲಿಜ್ವರ ಹರಡುವುದು ಅದರಿಂದಲೇ, ಕೈಕಾಲಿನ ಗಾಯದ ಮೂಲಕ. ಗಾಯ ಇದ್ದರೆ ರಬ್ಬರ್ ಗ್ಲೌಸ್ ಹಾಕಲಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ಆಮೇಲೆ ಜ್ವರ, ಮೈಕೈ ನೋವು ಬಂದರೆ ಆರೋಗ್ಯ ಕೇಂದ್ರದಲ್ಲಿ ಕೆಸರಿಗೆ ಇಳಿದದ್ದನ್ನು ಹೇಳಿ. ತೋಟದಿಂದ ಬಂದ ಟ್ರಕ್ಕಿನ ಅಡಿಯಲ್ಲಿ ಜಿಗಣೆಯೂ ಇರುತ್ತದೆ. ಅದು ಟ್ರಕ್ಕಿಗೆ ಏನೂ ಮಾಡುವುದಿಲ್ಲ.

ಪೂರ್ತಿ ಬಿಚ್ಚಿ ಸ್ವಚ್ಛ ಮಾಡುವುದು ಯಾವಾಗ?

ದೀಪಾವಳಿಯ ಹೊತ್ತಿಗೆ, ಮಳೆ ಹಿಂದೆ ಸರಿದು ಬಿಸಿಲು ನಂಬಿಕೆಗೆ ಬಂದ ಮೇಲೆ. ಎಲ್ಲ ಬೇರಿಂಗು, ಎರಡೂ ಡಿಫ್, ಶಾಕಿನ ಎಣ್ಣೆ, ರಿಸೀವರ್ ಡಬ್ಬದ ಸೀಲು. ಬಿಚ್ಚುತ್ತ ಹೋದಂತೆ ಫೋಟೋ ತೆಗೆದುಕೊಂಡರೆ ಜೋಡಿಸುವಾಗ ಜಗಳ ಇಲ್ಲ. ಲೋಹಕ್ಕೆ ಕೂರುವ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ಪ್ಲಾಸ್ಟಿಕ್ಕಿಗೆ ಕೂರುವವುಗಳಿಗೆ ಬೇಡ. ಮಳೆಗಾಲವಿಡೀ ಅಟ್ಟದಲ್ಲಿದ್ದ ಗಾಡಿಯಾದರೆ ಚಾರ್ಜು ಹಾಕುವ ಮೊದಲು ಮೋಟಾರಿನ ಗಾಳಿತೂತು, ಚಾಸಿಸ್ಸಿನ ಕೊಳವೆಗಳನ್ನು ಟಾರ್ಚ್ ಬಿಟ್ಟು ನೋಡಿ, ಕುಂಬಾರ ಹುಳು ಅಲ್ಲಿ ತನ್ನದೇ ಕೆಸರು ತಂದು ಗೂಡು ಕಟ್ಟಿರುತ್ತದೆ. ಹಿಡಿಸೂಡಿ ಕಡ್ಡಿಯಲ್ಲಿ ತಿವಿದರೆ ಬರುತ್ತದೆ.